ಗೇರ್‌ಬಾಕ್ಸ್‌ಗೆ ಯಾವ ಎಣ್ಣೆ, ಡಿಫ್‌ಗೆ ಯಾವುದು? ಪರ್ಫಾರ್ಮೆನ್ಸ್ ಕಾರು ಇರುವವರಿಗೆ ಮಾರ್ಗದರ್ಶಿ

ಎಂಜಿನ್ ಆಯಿಲ್ ವಿಷಯಕ್ಕೆ ಕಾರಿನ ಹುಚ್ಚು ಇರುವವರು ಗಂಟೆಗಟ್ಟಲೆ ವಾದ ಮಾಡುತ್ತಾರೆ. ಅದೇ ಜನ ಗೇರ್‌ಬಾಕ್ಸ್ ಆಯಿಲ್ ಅಂದಾಗ "ಯಾವ್ದಾದ್ರೂ ಒಳ್ಳೇದು ಹಾಕಿಬಿಡಿ" ಎಂದು ಮೆಕ್ಯಾನಿಕ್‌ಗೆ ಹೇಳಿ ಸುಮ್ಮನಾಗುತ್ತಾರೆ. ಆದರೆ ಡಿಫರೆನ್ಶಿಯಲ್‌ಗೆ (ಡಿಫ್: ತಿರುವಿನಲ್ಲಿ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಪೆಟ್ಟಿಗೆ) ಹೇಳಿ ಮಾಡಿಸಿದಂಥ ಎಣ್ಣೆಯನ್ನು ಗೇರ್‌ಬಾಕ್ಸ್‌ಗೆ ಸುರಿದರೆ ಎರಡನೇ ಗೇರ್ ಕರಕರ ಅನ್ನಬಹುದು. ಗೇರ್‌ಬಾಕ್ಸ್ ಎಣ್ಣೆಯನ್ನು ಡಿಫ್‌ಗೆ ಹಾಕಿದರೆ ಹಲ್ಲುಗಳೇ ಸವೆದು ಹೋಗಬಹುದು. ಎಷ್ಟು ದುಬಾರಿ ಡಬ್ಬಿ ತಂದರೂ ಇದು ತಪ್ಪುವುದಿಲ್ಲ.

ಎಣ್ಣೆ ಅಂದರೆ ಜಾರಿಸುವುದು ಅಂತಲೇ ನಾವು ಅಂದುಕೊಂಡಿರುತ್ತೇವೆ, ಅಲ್ವಾ? ಎಂಜಿನ್‌ನಿಂದ ಚಕ್ರದವರೆಗೆ ಇರುವ ಭಾಗಗಳಲ್ಲಿ ಕೆಲವು ಜಾರಬೇಕು, ಕೆಲವು ಹಿಡಿಯಬೇಕು, ಇನ್ನು ಕೆಲವು ಲೆಕ್ಕ ಹಾಕಿದಷ್ಟೇ ಜಾರಬೇಕು. ಯಾವ ಪೆಟ್ಟಿಗೆಯೊಳಗೆ ಯಾವ ಕೆಲಸ ನಡೆಯುತ್ತಿದೆ ಅಂತ ಗೊತ್ತಾದರೆ ಅದಕ್ಕೆ ಯಾವ ಎಣ್ಣೆ ಅನ್ನುವುದು ಮುಕ್ಕಾಲು ಪಾಲು ತೀರ್ಮಾನವಾದ ಹಾಗೆಯೇ.

1. ಮೊದಲು ಪೆಟ್ಟಿಗೆಗಳನ್ನು ಎಣಿಸಿ

ನಿಮ್ಮ ಕಾರಿನಲ್ಲಿ ಎಲ್ಲೆಲ್ಲಿ ಎಣ್ಣೆ ಇದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಎಂಜಿನ್ ಅಡ್ಡಲಾಗಿ ಕೂತಿರುವ, ಮುಂದಿನ ಚಕ್ರಗಳಿಂದ ಓಡುವ ಕಾರಾದರೆ ಲೆಕ್ಕ ಸುಲಭ. ಗೇರ್‌ಬಾಕ್ಸ್, ಡಿಫರೆನ್ಶಿಯಲ್ ಎರಡೂ ಸಾಮಾನ್ಯವಾಗಿ ಒಂದೇ ಪೆಟ್ಟಿಗೆಯಲ್ಲಿ, ಒಂದೇ ಎಣ್ಣೆಯಲ್ಲಿ ಇರುತ್ತವೆ. ಹಿಂದಿನ ಚಕ್ರಗಳಿಂದ ಓಡುವ ಕಾರಿನಲ್ಲಿ ಹೆಚ್ಚಾಗಿ ಇವೆರಡೂ ಬೇರೆ ಬೇರೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರಿನಲ್ಲಿ ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ), ಮುಂದಿನ ಡಿಫ್, ಹಿಂದಿನ ಡಿಫ್, ಕೆಲವದರಲ್ಲಿ ಹಾಲ್ಡೆಕ್ಸ್ ಥರದ ಕಪ್ಲಿಂಗ್ (ಬೇಕಾದಾಗ ಉಳಿದ ಎರಡು ಚಕ್ರಗಳಿಗೂ ಶಕ್ತಿ ಕಳಿಸುವ ಕ್ಲಚ್) ಕೂಡ ಸೇರಿಕೊಳ್ಳುತ್ತವೆ. ಮ್ಯಾನುಯಲ್ ಆದರೆ ಕ್ಲಚ್ ಪೆಡಲ್ ಹಿಂದಿನ ಹೈಡ್ರಾಲಿಕ್ ದ್ರವವನ್ನೂ ಪಟ್ಟಿಗೆ ಸೇರಿಸಿ. ಅದನ್ನು ಎಲ್ಲರೂ ಮರೆಯುತ್ತಾರೆ.

ಒಂದೊಂದರ ಮುಂದೆಯೂ ಮೂರು ವಿಷಯ ಬರೆಯಿರಿ: ಕಾರು ಕಂಪನಿ ಹೇಳಿರುವ ಸ್ಪೆಸಿಫಿಕೇಷನ್, ಎಷ್ಟು ಲೀಟರ್, ಲೆವೆಲ್ ನೋಡುವುದು ಹೇಗೆ. ಓನರ್ ಮ್ಯಾನುಯಲ್‌ನಲ್ಲಿ ಇಲ್ಲದಿದ್ದರೆ ವರ್ಕ್‌ಶಾಪ್ ಮ್ಯಾನುಯಲ್‌ನಲ್ಲಿ ಇರುತ್ತದೆ. ಮಾಡೆಲ್ ಹೆಸರು ನೋಡಿ ತೀರ್ಮಾನ ಮಾಡಬೇಡಿ. ಒಂದೇ ಮಾಡೆಲ್‌ಗೆ ಎರಡು ಮೂರು ಬಗೆಯ ಗೇರ್‌ಬಾಕ್ಸ್, ಸಾದಾ ಡಿಫ್ ಮತ್ತು ಲಿಮಿಟೆಡ್ ಸ್ಲಿಪ್ ಡಿಫ್ (ಎಲ್‌ಎಸ್‌ಡಿ: ಒಂದೇ ಚಕ್ರ ಸುಮ್ಮನೆ ಸುತ್ತದಂತೆ ತಡೆಯುವ ಡಿಫ್) ಇರುವುದುಂಟು. ಪೆಟ್ಟಿಗೆಯ ಮೇಲೆ ಅಚ್ಚೊತ್ತಿದ ಕೋಡ್ ನೋಡುವುದೇ ಖಚಿತವಾದ ದಾರಿ. ಸೆಕೆಂಡ್ ಹ್ಯಾಂಡ್ ಕಾರಾದರೆ ಇನ್ನೂ ಒಂದು ಅನುಮಾನ ಇಟ್ಟುಕೊಳ್ಳಿ: ಹಳೇ ಮಾಲೀಕರು ಡಿಫ್ ಅನ್ನೇ ಬದಲಾಯಿಸಿರಬಹುದು. ಆಗ ಮ್ಯಾನುಯಲ್ ಮಾತಿಗೆ ಬೆಲೆ ಇಲ್ಲ, ಆ ಡಿಫ್ ಮಾಡಿದವರ ಮಾತಿಗೆ ಬೆಲೆ.

2. ಡಬ್ಬಿ ಮೇಲಿನ ನಂಬರ್ ಓದಿ

75ಡಬ್ಲ್ಯು-90 ಎಂದು ಕಂಡ ಕೂಡಲೇ "ಅಬ್ಬಾ, ಎಂಜಿನ್ ಆಯಿಲ್‌ಗಿಂತ ಎಷ್ಟು ದಪ್ಪ" ಅನ್ನಿಸುವುದು ಸಹಜ. ಹಾಗೇನಿಲ್ಲ. ಎಂಜಿನ್ ಆಯಿಲ್‌ಗೆ ಬೇರೆ ಅಳತೆಪಟ್ಟಿ, ಗೇರ್ ಆಯಿಲ್‌ಗೆ ಬೇರೆ. ಗೇರ್ ಆಯಿಲ್‌ನದು ಎಸ್‌ಎಇ ಜೆ306. ಅದರ ಪ್ರಕಾರ 90 ಅಂದರೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 13.5ರಿಂದ 18.5 ಸೆಂಟಿಸ್ಟೋಕ್ (ಎಣ್ಣೆಯ ದಪ್ಪದ ಅಳತೆ). ಎಂಜಿನ್ ಆಯಿಲ್‌ನ 40 ಮತ್ತು 50 ಗ್ರೇಡ್‌ಗಳೂ ಸುಮಾರಾಗಿ ಅಲ್ಲೇ ಬರುತ್ತವೆ. ಮುಂದಿನ 75ಡಬ್ಲ್ಯು ಚಳಿಯಲ್ಲಿನ ನಡವಳಿಕೆ ಹೇಳುತ್ತದೆ: ಮೈನಸ್ 40 ಡಿಗ್ರಿಯಲ್ಲೂ ಎಣ್ಣೆ ಒಂದು ಮಿತಿಗಿಂತ ಗಟ್ಟಿಯಾಗಬಾರದು. 80ಡಬ್ಲ್ಯುಗೆ ಈ ಪರೀಕ್ಷೆ ಮೈನಸ್ 26ರಲ್ಲಿ, 85ಡಬ್ಲ್ಯುಗೆ ಮೈನಸ್ 12ರಲ್ಲಿ. ಅಷ್ಟು ಚಳಿ ನೋಡದ ಊರಿನಲ್ಲೂ ಇದರಿಂದ ಲಾಭ ಇದೆ. ಬೆಳಗ್ಗೆ ಕಾರು ತೆಗೆದಾಗ ಮೊದಲ ಒಂದೆರಡು ಕಿಲೋಮೀಟರ್ ಗೇರ್ ಬಿಗಿ ಅನ್ನಿಸುವುದು ಕಮ್ಮಿಯಾಗುತ್ತದೆ.

ಹಳೇ ಕಾರಿನವರಿಗೆ ಒಂದು ಸಣ್ಣ ಎಚ್ಚರಿಕೆ. 2005ರಲ್ಲಿ ಈ ಪಟ್ಟಿಯನ್ನು ತಿದ್ದಿದರು. ಅದಕ್ಕೆ ಮುಂಚೆ 90 ಗ್ರೇಡ್ 24 ಸೆಂಟಿಸ್ಟೋಕ್‌ವರೆಗೂ ಹೋಗುತ್ತಿತ್ತು. ಅದರ ಮೇಲಿನ ಭಾಗಕ್ಕೆ ಈಗ 110 ಎಂಬ ಬೇರೆ ಗ್ರೇಡ್ ಇದೆ. ಹಾಗಾಗಿ 1990ರ ದಶಕದ ಕಾರಿಗೆ ಇವತ್ತಿನ 75ಡಬ್ಲ್ಯು-110 ಹಾಕಿದರೆ ಅದು ಅತಿರೇಕ ಏನಲ್ಲ.

ಇನ್ನು ಜಿಎಲ್-4, ಜಿಎಲ್-5. ಇವು ದಪ್ಪದ ಅಳತೆ ಅಲ್ಲ. ಹಲ್ಲು ಹಲ್ಲು ಒತ್ತಿಕೊಂಡಾಗ ಲೋಹವನ್ನು ಕಾಪಾಡುವ ಶಕ್ತಿಯ ಅಳತೆ. ಜಿಎಲ್-5ರಲ್ಲಿ ಗಂಧಕ, ಫಾಸ್ಫರಸ್ ಇರುವ ಅಡಿಟಿವ್ (ಎಣ್ಣೆಗೆ ಬೆರೆಸುವ ರಾಸಾಯನಿಕ) ಸಾಮಾನ್ಯವಾಗಿ ಜಿಎಲ್-4ರ ಸುಮಾರು ಎರಡು ಪಟ್ಟು ಇರುತ್ತದೆ. ಅಂಕಿ ದೊಡ್ಡದಾದರೆ ಎಣ್ಣೆ ಉತ್ತಮ ಎಂಬ ಅರ್ಥ ಇಲ್ಲಿಲ್ಲ. ಕೆಲವು ಡಬ್ಬಿಗಳ ಮೇಲೆ ಈಗಲೂ ಜಿಎಲ್-6 ಅಂತ ಕಾಣುತ್ತದೆ. ಆ ವರ್ಗ ರದ್ದಾಗಿ ಕಾಲವಾಯಿತು. ಅದನ್ನು ನೋಡಿ ಜಾಸ್ತಿ ದುಡ್ಡು ಕೊಡಬೇಡಿ.

ಎಂಜಿನ್ ಆಯಿಲ್ ಡಬ್ಬಿಯ ಮೇಲೆ ಎಪಿಐ ಎಂಬ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಲೈಸೆನ್ಸ್ ಮುದ್ರೆ ಇರುತ್ತದಲ್ಲ, ಗೇರ್ ಆಯಿಲ್‌ಗೆ ಅಂಥದ್ದಿಲ್ಲ. ಜಿಎಲ್-5 ಎಂದು ಬರೆಯುವುದು ತಯಾರಕರ ಸ್ವಂತ ಹೇಳಿಕೆ. ಅದಕ್ಕೇ ಎಸ್‌ಎಇ ಜೆ2360 ಕೂಡ ಇದೆಯಾ ಎಂದು ನೋಡುವುದು ಒಳ್ಳೆಯದು, ಅದರ ಪರೀಕ್ಷೆಗಳು ಇನ್ನೂ ಕಟ್ಟುನಿಟ್ಟು. ಕಾರು ಅಥವಾ ಗೇರ್‌ಬಾಕ್ಸ್ ಕಂಪನಿಯ ಅಪ್ರೂವಲ್ ಇದ್ದರೆ ಇನ್ನೂ ಒಳ್ಳೆಯದು. "ಅಪ್ರೂವ್ಡ್" ಅಂದರೆ ಪರೀಕ್ಷೆ ಮಾಡಿ ಒಪ್ಪಿದ್ದಾರೆ. "ಸೂಟಬಲ್ ಫಾರ್" ಅಂದರೆ ಎಣ್ಣೆ ಮಾರುವವರೇ ಹಾಗೆ ಹೇಳುತ್ತಿದ್ದಾರೆ, ಅಷ್ಟೇ.

3. ಮ್ಯಾನುಯಲ್ ಗೇರ್‌ಬಾಕ್ಸ್: ಸಿಂಕ್ರೊಗೆ ಏನು ಬೇಕು?

ಜಾಸ್ತಿ ತಪ್ಪಾಗುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಗೇರ್ ಬದಲಿಸುವಾಗ ಎರಡು ಭಾಗಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರುತ್ತವೆ. ಅವುಗಳ ವೇಗ ಸಮ ಮಾಡುವುದು ಸಿಂಕ್ರೊ ರಿಂಗ್‌ನ ಕೆಲಸ. ಅದು ಒಂದು ಪುಟ್ಟ ಬ್ರೇಕ್. ಕೋನ್ ಆಕಾರದ ಉಂಗುರ ಗೇರ್‌ನ ಕೋನ್ ಮೇಲೆ ಒತ್ತಿ, ನಡುವಿನ ಎಣ್ಣೆಯ ಪದರ ಸರಿಸಿ, ಗಟ್ಟಿಯಾಗಿ ಹಿಡಿಯಬೇಕು. ಎಣ್ಣೆ ಅತಿಯಾಗಿ ಜಾರಿಸಿದರೆ ಆ ಹಿಡಿತವೇ ಸಿಗುವುದಿಲ್ಲ. ಎಣ್ಣೆ ಮೆತ್ತಿದ ಕೈಯಲ್ಲಿ ಬಿಗಿಯಾದ ಡಬ್ಬಿಯ ಮುಚ್ಚಳ ತಿರುಗಿಸಲು ಹೋದ ಹಾಗೆ. ವೇಗ ಸಮ ಆಗುವ ಮೊದಲೇ ನೀವು ಲಿವರ್ ದೂಡುತ್ತೀರಿ, ಗೇರ್ ಕರ್ ಎನ್ನುತ್ತದೆ. ಏಳು ಸಾವಿರ ಆರ್‌ಪಿಎಂನಲ್ಲಿ ಬೇಗ ಬೇಗ ಗೇರ್ ಹಾಕುವವರಿಗೆ ಇದು ಮೊದಲು ಗೊತ್ತಾಗುತ್ತದೆ. ನಿಧಾನವಾಗಿ ಓಡಿಸುವವರಿಗೆ ಎಷ್ಟೋ ದಿನ ಗೊತ್ತೇ ಆಗದಿರಬಹುದು.

ಎರಡನೇ ವಿಷಯ ಹಿತ್ತಾಳೆ, ಕಂಚು. ತುಂಬಾ ಗೇರ್‌ಬಾಕ್ಸ್‌ಗಳ ಸಿಂಕ್ರೊ ರಿಂಗ್ ಈ ಲೋಹಗಳದ್ದು. ಹಳೇ ಜಿಎಲ್-5 ಎಣ್ಣೆಗಳಲ್ಲಿದ್ದ ಗಂಧಕ ಬಿಸಿಯಾದಾಗ ಇವನ್ನು ತಿನ್ನುತ್ತಿತ್ತು. ಈಗಿನ ಒಳ್ಳೆಯ ಎಣ್ಣೆಗಳಲ್ಲಿ ಆ ಕಾಟ ತುಂಬಾ ಕಮ್ಮಿ. ಜಾರುವಿಕೆಯ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ. "ಈಗಿನ ಜಿಎಲ್-5 ಹಿತ್ತಾಳೆ ತಿನ್ನಲ್ಲ, ಎಲ್ಲಾದಕ್ಕೂ ಹಾಕಬಹುದು" ಎನ್ನುವವರು ಅರ್ಧ ಮಾತು ಹೇಳುತ್ತಿದ್ದಾರೆ.

ಹಾಗಾದರೆ ಮ್ಯಾನುಯಲ್ ಗೇರ್‌ಬಾಕ್ಸ್‌ಗೆಲ್ಲ ಜಿಎಲ್-4 ಹಾಕಿದರೆ ಮುಗಿಯಿತಾ? ಇಲ್ಲ. ಸುಬಾರು ಮ್ಯಾನುಯಲ್ ಕಾರು ನೋಡಿ. ಅದರ ಗೇರ್‌ಬಾಕ್ಸ್ ಮತ್ತು ಮುಂದಿನ ಡಿಫರೆನ್ಶಿಯಲ್ ಒಂದೇ ಪೆಟ್ಟಿಗೆಯಲ್ಲಿ, ಒಂದೇ ಎಣ್ಣೆಯಲ್ಲಿವೆ. ಆ ಡಿಫ್ ಹೈಪಾಯ್ಡ್ ಗೇರ್‌ನದ್ದು (ಹಲ್ಲುಗಳು ಉಜ್ಜಿಕೊಂಡು ಸರಿಯುವ ಬಗೆ, ಮುಂದೆ 4ರಲ್ಲಿ ನೋಡೋಣ), ಅದಕ್ಕೆ ಜಿಎಲ್-5 ಬೇಕೇ ಬೇಕು. ಕಂಪನಿಯೂ 75ಡಬ್ಲ್ಯು-90 ಜಿಎಲ್-5 ಎಂದೇ ಹೇಳುತ್ತದೆ. ಎಂಜಿನ್ ಉದ್ದಕ್ಕೆ ಕೂತು, ಗೇರ್‌ಬಾಕ್ಸ್ ಡಿಫ್ ಜೊತೆಯಾಗಿರುವ ಕಾರುಗಳಲ್ಲೆಲ್ಲ ಈ ಪ್ರಶ್ನೆ ಬರುತ್ತದೆ. ಅಲ್ಲಿ ಸಿಂಕ್ರೊಗೂ ಹೊಂದುವ ಜಿಎಲ್-5 ಹುಡುಕಬೇಕು. ಎಂಜಿನ್ ಅಡ್ಡಲಾಗಿರುವ ಕಾರಿನಲ್ಲಿ ಫೈನಲ್ ಡ್ರೈವ್ (ಡಿಫ್ ತಿರುಗಿಸುವ ಕೊನೆಯ ಗೇರ್ ಜೋಡಿ) ಸಾಮಾನ್ಯವಾಗಿ ಸಾದಾ ಹೆಲಿಕಲ್, ಅಂದರೆ ಓರೆ ಹಲ್ಲಿನ ಗೇರ್. ಅಲ್ಲಿ ಈ ತಾಪತ್ರಯ ಇಲ್ಲ.

ಮೂರನೇ ಬಗೆಯೂ ಇದೆ: ಮ್ಯಾನುಯಲ್ ಗೇರ್‌ಬಾಕ್ಸ್‌ಗೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಎಣ್ಣೆ (ಎಟಿಎಫ್). ಅಮೆರಿಕದ ಎಷ್ಟೋ ಸ್ಪೋರ್ಟ್ಸ್ ಕಾರುಗಳಲ್ಲಿ ಬಂದ ಟ್ರೆಮೆಕ್ ಟಿ-56 ಗೇರ್‌ಬಾಕ್ಸ್‌ಗೆ ಹೇಳಿರುವುದು ಡೆಕ್ಸ್ರಾನ್ 3 ಬಗೆಯ ಎಟಿಎಫ್. ನೀರಿನಂತೆ ತೆಳ್ಳಗಿದೆ ಎಂದು ಹೆದರಿ 75ಡಬ್ಲ್ಯು-90 ಹಾಕಿದರೆ ಗೇರ್ ಬೀಳುವುದೇ ಕಷ್ಟವಾಗುತ್ತದೆ. ಹೋಂಡಾ ಎಸ್2000 ಗೇರ್‌ಬಾಕ್ಸ್‌ಗೆ ಹೋಂಡಾದ್ದೇ ಎಂಟಿಎಫ್ (ಮ್ಯಾನುಯಲ್ ಗೇರ್‌ಬಾಕ್ಸ್ ಎಣ್ಣೆ), ಅದೂ ತೆಳು. ಅದೇ ಕಾರಿನ ಹಿಂದಿನ ಡಿಫ್‌ಗೆ ಜಿಎಲ್-5. ಒಂದೇ ಕಾರು, ಎರಡು ಪೆಟ್ಟಿಗೆ, ಎರಡು ಬೇರೆ ಬೇರೆ ಎಣ್ಣೆ.

ಡಬ್ಬಿಯ ಮೇಲೆ "ಜಿಎಲ್-4/ಜಿಎಲ್-5" ಎಂದು ಎರಡನ್ನೂ ಬರೆದಿದ್ದರೆ ಅದು ಜಿಎಲ್-5ರ ಶಕ್ತಿಯ ಎಣ್ಣೆ ಎಂದೇ ತಿಳಿಯಿರಿ. ಸಿಂಕ್ರೊಗೆ ಹೊಂದುತ್ತದೆಯೇ ಎಂದು ಅದರ ಡೇಟಾ ಶೀಟ್‌ನಲ್ಲಿ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ನಂಬಿ.

4. ಡಿಫರೆನ್ಶಿಯಲ್, ಅದರಲ್ಲೂ ಎಲ್‌ಎಸ್‌ಡಿ

ಹೈಪಾಯ್ಡ್ ಡಿಫ್‌ನಲ್ಲಿ ಪಿನಿಯನ್ ಎಂಬ ಸಣ್ಣ ಗೇರ್, ಕ್ರೌನ್ ವೀಲ್ ಎಂಬ ದೊಡ್ಡ ಗೇರ್‌ನ ನಡುಗೆರೆಗಿಂತ ಕೆಳಗೆ ಅಥವಾ ಮೇಲೆ ಕೂತಿರುತ್ತದೆ. ಹಾಗಾಗಿ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಉಜ್ಜಿಕೊಂಡು ಸರಿಯುತ್ತವೆ. ಭಾರ ಜಾಸ್ತಿ, ಬಿಸಿ ಜಾಸ್ತಿ, ಎಣ್ಣೆಯ ಪದರ ಒಡೆದೇ ಒಡೆಯುತ್ತದೆ. ಆಗ ಕಾಪಾಡುವುದು ಜಿಎಲ್-5ರ ಅಡಿಟಿವ್, ಲೋಹದ ಮೇಲೆ ತಾನೇ ಒಂದು ಪದರ ಕಟ್ಟಿ. ಇಲ್ಲಿ ಜಿಎಲ್-4ಗೆ ಜಾಗ ಇಲ್ಲ.

ಸಾದಾ ಡಿಫ್ ಆದರೆ ಮ್ಯಾನುಯಲ್ ಹೇಳಿದ ಗ್ರೇಡ್‌ನ ಜಿಎಲ್-5 ಸಿಂಥೆಟಿಕ್ ಹಾಕಿ ಮುಂದೆ ಹೋಗಿ. ಎಲ್‌ಎಸ್‌ಡಿ ಇದ್ದರೆ ಯಾವ ಬಗೆಯದು ಎಂದು ಮೊದಲು ತಿಳಿದುಕೊಳ್ಳಿ.

ಟಾರ್ಸೆನ್ ಥರದ ಗೇರ್ ಬಗೆಯದ್ದಾದರೆ ಅದರಲ್ಲಿ ಕ್ಲಚ್ ಪ್ಲೇಟ್ ಇಲ್ಲ. ಸಾಮಾನ್ಯವಾಗಿ ಮಾಮೂಲಿ ಜಿಎಲ್-5 ಸಾಕು, ಫ್ರಿಕ್ಷನ್ ಮಾಡಿಫೈಯರ್ (ತಿಕ್ಕಾಟ ಕಮ್ಮಿ ಮಾಡುವ ಅಡಿಟಿವ್) ಬೇಡ. ಅದು ಕೆಲಸ ಮಾಡುವುದೇ ಒಳಗಿನ ತಿಕ್ಕಾಟದಿಂದ, ಆ ತಿಕ್ಕಾಟ ಕಮ್ಮಿ ಮಾಡಿ ಏನು ಪ್ರಯೋಜನ? ಪ್ಲೇಟ್ ಬಗೆಯದ್ದಾದರೆ ಕಥೆ ಬೇರೆ. ತಿರುವಿನಲ್ಲಿ ಎರಡು ಚಕ್ರಗಳ ವೇಗ ಬೇರೆಯಾದಾಗ ಪ್ಲೇಟುಗಳು ಜಾರಬೇಕು. ಸರಾಗವಾಗಿ ಜಾರದೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡಿದರೆ ಹಿಂದಿನಿಂದ ಕಟಕಟ ಸದ್ದು, ನಡುಕ. ಅದನ್ನು ತಡೆಯಲು ಫ್ರಿಕ್ಷನ್ ಮಾಡಿಫೈಯರ್. ಕೆಲವು ಎಣ್ಣೆಗಳಲ್ಲಿ ಅದು ಮೊದಲೇ ಸೇರಿರುತ್ತದೆ, ಡಬ್ಬಿಯ ಮೇಲೆ "ಎಲ್‌ಎಸ್" ಎಂದೋ "ಲಿಮಿಟೆಡ್ ಸ್ಲಿಪ್" ಎಂದೋ ಇರುತ್ತದೆ. ಅಂಥದ್ದಕ್ಕೆ ಮತ್ತೆ ಇನ್ನೊಂದು ಬಾಟಲಿ ಸುರಿಯಬೇಡಿ. ಮಾಡಿಫೈಯರ್ ಅತಿಯಾದರೆ ಪ್ಲೇಟುಗಳು ಬೇಕಾದಾಗಲೂ ಹಿಡಿಯುವುದಿಲ್ಲ. ದುಡ್ಡು ಕೊಟ್ಟು ಹಾಕಿಸಿದ ಎಲ್‌ಎಸ್‌ಡಿ ಸಾದಾ ಡಿಫ್ ಥರ ಒಂದೇ ಚಕ್ರ ಸುತ್ತಿಸಿಕೊಂಡು ಕೂರುತ್ತದೆ.

ಪ್ರತ್ಯೇಕವಾಗಿ ಬೆರೆಸುವುದಾದರೆ ಹೇಳಿದ ಅಳತೆಯ ಅರ್ಧದಿಂದ ಶುರು ಮಾಡುವುದು ನನಗೆ ಸರಿ ಅನ್ನಿಸುತ್ತದೆ. ಖಾಲಿ ಜಾಗದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ನಿಧಾನವಾಗಿ ಎಂಟರ ಆಕಾರದಲ್ಲಿ ಓಡಿಸಿ. ಎಣ್ಣೆ ಪ್ಲೇಟುಗಳ ನಡುವೆ ಹೋಗಲು ಸ್ವಲ್ಪ ಹೊತ್ತು ಬೇಕು. ಅದಾದ ಮೇಲೂ ಕಟಕಟ ಜೋರಾಗಿದ್ದರೆ ಇನ್ನಷ್ಟು ಸೇರಿಸಿ. ರೇಸ್‌ಗೆ ಮಾಡಿದ ಎಲ್‌ಎಸ್‌ಡಿಗಳು ಸ್ವಲ್ಪ ಸದ್ದು ಮಾಡಿಯೇ ಮಾಡುತ್ತವೆ. ಅದಕ್ಕೆ ಗಾಬರಿ ಬೇಡ.

ಹೊಸ ಡಿಫ್‌ನ ಮೊದಲ ಎಣ್ಣೆ ಬೇಗ ಬದಲಿಸಿ. ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಉದುರುವ ಲೋಹದ ಪುಡಿ ಎಲ್ಲಾ ಅದರಲ್ಲೇ ಇರುತ್ತದೆ. ಬಿಎಂಡಬ್ಲ್ಯು ತನ್ನ ಎಂ ಕಾರುಗಳಿಗೆ 2,000 ಕಿಲೋಮೀಟರ್‌ಗೇ ರನ್ನಿಂಗ್ ಇನ್ ಸರ್ವಿಸ್ ಮಾಡಿ ಡಿಫ್ ಎಣ್ಣೆ ಬದಲಿಸುವುದು ಇದಕ್ಕೇ.

5. ಆಟೊಮ್ಯಾಟಿಕ್, ಡ್ಯುಯಲ್ ಕ್ಲಚ್

ಇಲ್ಲಿ ನನ್ನ ಸಲಹೆ ಚಿಕ್ಕದು: ಜಾಣತನ ತೋರಿಸಬೇಡಿ. ಆ ಪೆಟ್ಟಿಗೆಯೊಳಗೆ ಎಣ್ಣೆಯೇ ಹೈಡ್ರಾಲಿಕ್ ದ್ರವ, ಎಣ್ಣೆಯೇ ಕೂಲೆಂಟ್, ಕ್ಲಚ್ ಪ್ಲೇಟುಗಳ ಹಿಡಿತವನ್ನು ತೀರ್ಮಾನ ಮಾಡುವುದೂ ಎಣ್ಣೆಯೇ. ಗೇರ್‌ಬಾಕ್ಸ್ ಕಂಪ್ಯೂಟರ್ ಆ ಒಂದು ಎಣ್ಣೆಯ ಗುಣ ನೋಡಿಕೊಂಡೇ ಒತ್ತಡದ ಲೆಕ್ಕ ಹಾಕಿರುತ್ತದೆ. ಬೇರೆ ಎಣ್ಣೆ ಹಾಕಿದರೆ ಲೆಕ್ಕ ತಪ್ಪುತ್ತದೆ. ಫೋರ್ಡ್‌ನ 10 ಸ್ಪೀಡ್ ಗೇರ್‌ಬಾಕ್ಸ್‌ಗೆ ಮರ್ಕಾನ್ ಯುಎಲ್‌ವಿ ಅಂದರೆ ಅದೇ. ಹೆಸರು ಹತ್ತಿರ ಇದೆ ಎಂದು ಮರ್ಕಾನ್ ಎಲ್‌ವಿ ಹಾಕುವಂತಿಲ್ಲ. ಬಣ್ಣ ನೋಡಿಯೂ ತೀರ್ಮಾನಿಸಬೇಡಿ. ಎಟಿಎಫ್ ಎಲ್ಲಾ ಕೆಂಪಗಿರುವುದಿಲ್ಲ.

"ಲೈಫ್‌ಟೈಮ್ ಎಣ್ಣೆ, ಬದಲಿಸುವುದೇ ಬೇಡ" ಎಂಬ ಮಾತು ಕೇಳಿರುತ್ತೀರಿ. ಯಾರ ಲೈಫ್‌ಟೈಮ್ ಅಂತ ಕೇಳಬೇಕು. ತುಂಬಾ ಕಾರುಗಳಲ್ಲಿರುವ 6 ಮತ್ತು 8 ಸ್ಪೀಡ್ ಆಟೊಮ್ಯಾಟಿಕ್ ತಯಾರಿಸುವ ಜೆಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರ್ ಅಥವಾ 8 ವರ್ಷಕ್ಕೆ ಎಣ್ಣೆ ಬದಲಿಸಲು ಹೇಳುತ್ತದೆ. ಟ್ರ್ಯಾಕ್‌ಗೆ ಹೋಗುವ ಕಾರಿಗೆ ಅದಕ್ಕೂ ಮುಂಚೆಯೇ ಬದಲಿಸಿ.

ಡ್ಯುಯಲ್ ಕ್ಲಚ್‌ನಲ್ಲಿ (ಎರಡು ಕ್ಲಚ್ ಇಟ್ಟುಕೊಂಡು ತಾನೇ ಗೇರ್ ಬದಲಿಸುವ ಪೆಟ್ಟಿಗೆ) ಮೊದಲು ನೋಡಬೇಕಾದ್ದು ಕ್ಲಚ್ ಒಣದ್ದೋ, ಎಣ್ಣೆಯಲ್ಲಿ ಮುಳುಗಿದ್ದೋ ಎಂದು. ಫೋಕ್ಸ್‌ವ್ಯಾಗನ್‌ನ 6 ಸ್ಪೀಡ್ ಡಿಕ್ಯು250ರಲ್ಲಿ ಕ್ಲಚ್, ಗೇರ್, ಕಂಟ್ರೋಲ್ ಯೂನಿಟ್ ಮೂರೂ ಒಂದೇ ಎಣ್ಣೆಯಲ್ಲಿ. ಅದಕ್ಕೆ 60,000 ಕಿಲೋಮೀಟರ್‌ಗೊಮ್ಮೆ ಎಣ್ಣೆ, ಫಿಲ್ಟರ್ ಎರಡೂ ಬದಲಿಸಬೇಕು. ಅವರದೇ 7 ಸ್ಪೀಡ್ ಡಿಕ್ಯು200ರ ಕ್ಲಚ್ ಒಣದ್ದು. ಪೋರ್ಷೆ 911ರ 7 ಸ್ಪೀಡ್ ಡ್ಯುಯಲ್ ಕ್ಲಚ್ ಪೆಟ್ಟಿಗೆ ಪಿಡಿಕೆಯಲ್ಲಿ ಕ್ಲಚ್‌ಗೆ ಒಂದು ಎಣ್ಣೆ, ಗೇರ್‌ಗಳಿಗೆ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಪ್ಲಗ್. ಒಂದರದ್ದು ಇನ್ನೊಂದಕ್ಕೆ ಸುರಿದರೆ ಬಿಲ್ ನೋಡಿ ತಲೆ ತಿರುಗುತ್ತದೆ.

6. ಉಳಿದ ಸಣ್ಣ ಪೆಟ್ಟಿಗೆಗಳು

ಟ್ರಾನ್ಸ್‌ಫರ್ ಕೇಸ್‌ಗೆ ಊಹೆ ಬೇಡ. ಹಳೇ ನಿಸಾನ್ ಸ್ಕೈಲೈನ್ ಜಿಟಿ-ಆರ್‌ಗೆ ಎಟಿಎಫ್, ಬಿಎಂಡಬ್ಲ್ಯುನ ನಾಲ್ಕು ಚಕ್ರದ ವ್ಯವಸ್ಥೆ ಎಕ್ಸ್‌ಡ್ರೈವ್‌ಗೆ ಅದರದ್ದೇ ವಿಶೇಷ ದ್ರವ, ಇನ್ನು ಕೆಲವಕ್ಕೆ ಗೇರ್ ಆಯಿಲ್. ಹಾಲ್ಡೆಕ್ಸ್ ಇರುವ ಕಾರುಗಳಲ್ಲಿ ಎಣ್ಣೆಯ ಜೊತೆಗೆ ಫಿಲ್ಟರನ್ನೂ ನೋಡಬೇಕು. ಐದನೇ ಪೀಳಿಗೆಯ ಹಾಲ್ಡೆಕ್ಸ್‌ನಲ್ಲಿ ಬದಲಿಸುವ ಫಿಲ್ಟರ್ ಇಲ್ಲ, ಪಂಪ್‌ಗೆ ಒಂದು ಜಾಲರಿ ಇದೆ. ಕ್ಲಚ್ ಪ್ಲೇಟಿನ ಪುಡಿ ಅಲ್ಲೇ ಕಟ್ಟಿಕೊಳ್ಳುತ್ತದೆ. ಬರೀ ಎಣ್ಣೆ ಬದಲಿಸಿ ಪಂಪ್ ಬಿಚ್ಚಿ ತೊಳೆಯದೇ ಹೋದರೆ ಅರ್ಧ ಕೆಲಸ ಮಾಡಿದ ಹಾಗೆ.

ಕ್ಲಚ್ ಹೈಡ್ರಾಲಿಕ್‌ಗೆ ಹೆಚ್ಚಾಗಿ ಬ್ರೇಕ್ ಫ್ಲೂಯಿಡ್ಡೇ. ಡಾಟ್ 4 ದರ್ಜೆಯ ಬ್ರೇಕ್ ಫ್ಲೂಯಿಡ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ನೀರು ಹೀರಿಕೊಂಡ ಮೇಲೆ ಈ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 5.1ಕ್ಕೆ 260 ಮತ್ತು 180. ಬಿಸಿಯಾದಾಗ ಕ್ಲಚ್ ಪೆಡಲ್ ನೆಲಕ್ಕೆ ಅಂಟಿಕೊಂಡರೆ ಗೇರ್‌ಬಾಕ್ಸ್ ಬೈಯುವ ಮೊದಲು ಈ ದ್ರವ ಬದಲಿಸಿ ನೋಡಿ. ಹೆಸರು ಹತ್ತಿರ ಇದೆ ಎಂದು ಡಾಟ್ 5 ಹಾಕಬೇಡಿ. ಅದು ಸಿಲಿಕೋನ್, ಬೇರೆಯವುಗಳ ಜೊತೆ ಬೆರೆಯುವುದಿಲ್ಲ. ಕೆಲವು ಕಾರುಗಳ ಹೈಡ್ರಾಲಿಕ್‌ಗೆ ಮಿನರಲ್ ಆಯಿಲ್ ಬೇಕು. ಅಂಥದ್ದಕ್ಕೆ ಬ್ರೇಕ್ ಫ್ಲೂಯಿಡ್ ಬಿದ್ದರೆ ಸೀಲ್‌ಗಳು ಹೋದವು ಎಂದೇ ಅರ್ಥ. ಮುಚ್ಚಳದ ಮೇಲೆ ಬರೆದಿರುತ್ತದೆ, ಓದಿ.

7. ದಪ್ಪ ಎಣ್ಣೆಗೆ ಯಾವಾಗ ಹೋಗಬೇಕು?

ಪವರ್ ಜಾಸ್ತಿ ಮಾಡಿಸಿದ ಕೂಡಲೇ 75ಡಬ್ಲ್ಯು-140 ತರುವವರಿದ್ದಾರೆ. ನನ್ನ ಪ್ರಕಾರ ಅದು ಕೊನೆಯ ಹೆಜ್ಜೆ. ದಪ್ಪ ಎಣ್ಣೆಯನ್ನು ಕಡೆಯಲು ಗೇರ್‌ಗಳಿಗೆ ಶಕ್ತಿ ಬೇಕು, ಆ ಶಕ್ತಿ ಮತ್ತೆ ಬಿಸಿಯಾಗಿಯೇ ಹೊರಬರುತ್ತದೆ. ಸಿಂಕ್ರೊ ಕೂಡ ನಿಧಾನವಾಗುತ್ತದೆ. ರಸ್ತೆಯಲ್ಲೇ ಓಡುವ ಕಾರಿಗೆ ಕಂಪನಿ ಹೇಳಿದ ಗ್ರೇಡ್‌ನ ಒಳ್ಳೆಯ ಸಿಂಥೆಟಿಕ್ ಸಾಕು.

ಟ್ರ್ಯಾಕ್‌ಗೆ ಹೋಗುವವರು ಮೊದಲು ಎಣ್ಣೆಯ ಬಿಸಿ ಅಳೆಯಿರಿ. ಸೆನ್ಸರ್ ಇಲ್ಲದಿದ್ದರೆ ಬಿಸಿ ತೋರಿಸುವ ಸ್ಟಿಕ್ಕರ್‌ಗಳು ಸಿಗುತ್ತವೆ, ಡಿಫ್ ಕವರ್‌ಗೆ ಅಂಟಿಸಿದರೆ ಅಂದಾಜು ಸಿಗುತ್ತದೆ. ಬಿಸಿ 10 ಡಿಗ್ರಿ ಏರಿದರೆ ಎಣ್ಣೆ ಹಾಳಾಗುವ ವೇಗ ಸುಮಾರು ಎರಡು ಪಟ್ಟು ಎಂಬುದು ಹಳೆಯ ಲೆಕ್ಕ. ಮೊದಲು ಎಣ್ಣೆ ಬೇಗ ಬೇಗ ಬದಲಿಸಿ. ಸಾಲದಿದ್ದರೆ ಕೂಲರ್ ಹಾಕಿಸಿ. ಆಮೇಲೂ ಬಿಸಿ ಇಳಿಯದಿದ್ದರೆ, ಅದೂ ಡಿಫ್‌ಗೆ ಮಾತ್ರ, ಒಂದು ಗ್ರೇಡ್ ಮೇಲೆ ಹೋಗಿ. ಗೇರ್‌ಗಳ ನಡುವೆ ಸಿಕ್ಕಿ ಎಣ್ಣೆಯೊಳಗಿನ ಪಾಲಿಮರ್ ಹರಿದು, ಬಳಸುತ್ತಾ ಬಳಸುತ್ತಾ ಎಣ್ಣೆ ತೆಳುವಾಗುತ್ತದೆ. ಹಾಗಾಗಿ ಡಬ್ಬಿಯ ಮೇಲಿನ ಅಂಕಿಗಿಂತ ಬಳಸಿದ ಮೇಲೆ ಆ ಅಂಕಿ ಉಳಿಯುತ್ತದೆಯೇ ಎಂಬುದು ಮುಖ್ಯ. ಹೀಗೆ ತೆಳುವಾಗುವುದನ್ನು ಅಳೆಯುವ 20 ಗಂಟೆಗಳ ಶಿಯರ್ ಪರೀಕ್ಷೆಯನ್ನು ಜೆ306 ಪಟ್ಟಿ ಕೇಳುತ್ತದೆ. ಅದರ ಫಲಿತಾಂಶ ಡೇಟಾ ಶೀಟ್‌ನಲ್ಲಿ ಬರೆಯುವ ಕಂಪನಿಯ ಎಣ್ಣೆಯನ್ನೇ ನಾನು ತೆಗೆದುಕೊಳ್ಳುತ್ತೇನೆ.

8. ಹಾಕುವಾಗ

ಒಂದು ಸುತ್ತು ಓಡಿಸಿ ಎಣ್ಣೆ ಬೆಚ್ಚಗೆ ಮಾಡಿಕೊಳ್ಳಿ. ಕಾರು ಸಮತಟ್ಟಾಗಿ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜ್ಯಾಕ್ ನಂಬಿ ಕೆಳಗೆ ಹೋಗಬೇಡಿ. ಮೊದಲು ಬಿಚ್ಚಬೇಕಾದ್ದು ಮೇಲಿನ ಫಿಲ್ಲರ್ ಪ್ಲಗ್. ಕೆಳಗಿನ ಡ್ರೈನ್ ಪ್ಲಗ್ ಬಿಚ್ಚಿ ಎಣ್ಣೆಯೆಲ್ಲ ಸುರಿದ ಮೇಲೆ ಫಿಲ್ಲರ್ ತುಕ್ಕು ಹಿಡಿದು ಬರಲಿಲ್ಲ ಅಂದರೆ ಕಾರು ಅಲ್ಲೇ ನಿಂತಿತು.

ಬಂದ ಎಣ್ಣೆಯನ್ನು ಅಳೆಯಿರಿ. ಕಮ್ಮಿ ಬಂದಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಹಿಂದಿನವರು ಕಮ್ಮಿ ಹಾಕಿದ್ದಾರೆ. ಡ್ರೈನ್ ಪ್ಲಗ್‌ನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಅಂಟಿದ್ದರೆ ಅದು ಮಾಮೂಲು. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಹೊಸ ಎಣ್ಣೆ ಹಾಕುವ ಮೊದಲು ಪೆಟ್ಟಿಗೆ ಬಿಚ್ಚಿಸುವ ಯೋಚನೆ ಮಾಡಿ. ಎಣ್ಣೆಯಲ್ಲಿ ಹಳದಿ ಮಿಂಚು ಕಂಡರೆ ಸಿಂಕ್ರೊ ಸವೆಯುತ್ತಿದೆ ಎಂದು ಅನುಮಾನಿಸಿ.

ವಾಷರ್ ಹೊಸದೇ ಹಾಕಿ, ಪ್ಲಗ್‌ಗಳನ್ನು ಹೇಳಿದ ಟಾರ್ಕ್‌ಗೆ ಬಿಗಿ ಮಾಡಿ. ಅಲ್ಯೂಮಿನಿಯಂ ಕೇಸಿಂಗ್‌ನ ಥ್ರೆಡ್ ಬೇಗ ಹೋಗುತ್ತದೆ. ಮ್ಯಾನುಯಲ್ ಗೇರ್‌ಬಾಕ್ಸ್, ಡಿಫ್‌ಗಳಲ್ಲಿ ಹೆಚ್ಚಾಗಿ ಫಿಲ್ಲರ್ ತೂತಿನ ಅಂಚಿಗೆ ಎಣ್ಣೆ ಬಂದರೆ ಲೆವೆಲ್ ಸರಿ. "ಸ್ವಲ್ಪ ಜಾಸ್ತಿ ಇರಲಿ" ಎನ್ನಬೇಡಿ. ಜಾಸ್ತಿಯಾದರೆ ನೊರೆ ಬಂದು ಬ್ರೀದರ್ ಎಂಬ ಗಾಳಿಕಿಂಡಿಯಿಂದ ಹೊರಗೆ ಉಕ್ಕುತ್ತದೆ. ಆಟೊಮ್ಯಾಟಿಕ್‌ನಲ್ಲಿ ಲೆವೆಲ್ ನೋಡುವುದು ಬಿಸಿಯ ಲೆಕ್ಕದಲ್ಲಿ. ಜೆಡ್‌ಎಫ್ 8 ಸ್ಪೀಡ್‌ನಲ್ಲಿ ಎಂಜಿನ್ ಚಾಲೂ ಇಟ್ಟು, ಎಣ್ಣೆ 30ರಿಂದ 50 ಡಿಗ್ರಿಯ ನಡುವೆ ಇರುವಾಗ ನೋಡಬೇಕು. ಸ್ಕ್ಯಾನರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಹಳೇ ಎಣ್ಣೆಯಿಂದ ಒಂದು ಸಣ್ಣ ಬಾಟಲಿ ತೆಗೆದು, ಯಾವ ಪೆಟ್ಟಿಗೆಯದ್ದು, ಎಷ್ಟು ಕಿಲೋಮೀಟರ್ ಓಡಿದ್ದು ಎಂದು ಬರೆದಿಡಿ. ಲ್ಯಾಬ್‌ಗೆ ಕಳಿಸಿದರೆ ಕಬ್ಬಿಣ, ತಾಮ್ರ ಎಷ್ಟಿದೆ ಎಂದು ಹೇಳುತ್ತಾರೆ. ಮುಂದಿನ ಸಲ ಬದಲಿಸುವಾಗ ಹೋಲಿಸಿ ನೋಡಲು ಅದು ಬೇಕಾಗುತ್ತದೆ. ಉಳಿದದ್ದನ್ನು ಮುಚ್ಚಳವಿರುವ ಕ್ಯಾನ್‌ಗೆ ತುಂಬಿ ಹಳೇ ಎಣ್ಣೆ ತೆಗೆದುಕೊಳ್ಳುವವರಿಗೆ ಕೊಡಿ, ಚರಂಡಿಗೆ ಬೇಡ. ಒಂದೆರಡು ದಿನ ಕಾರು ಓಡಿಸಿದ ಮೇಲೆ ಮತ್ತೊಮ್ಮೆ ಕೆಳಗೆ ಬಗ್ಗಿ, ಪ್ಲಗ್‌ಗಳ ಸುತ್ತ ಒಣ ಬಟ್ಟೆ ಆಡಿಸಿ, ಜಿನುಗುತ್ತಿದೆಯಾ ಅಂತ ನೋಡಿ.